ನಿಂತರೆ ಸಾಯುವ ಗಾಡಿ

ಅಗ್ನಿಶಾಮಕ ಠಾಣೆಯ ಹಳೆಯ ಗಾಡಿಗೆ ಅಲ್ಲಿಯವರೆಲ್ಲ ಅತ್ತೆ ಎಂದು ಹೆಸರಿಟ್ಟಿದ್ದರು. ಬೆಳಗ್ಗೆ ಪುಸಲಾಯಿಸದೆ ಏಳುವುದಿಲ್ಲ, ಎದ್ದ ಮೇಲೆ ಗೊಣಗುವುದು ನಿಲ್ಲಿಸುವುದಿಲ್ಲ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಅವಳಿಲ್ಲದೆ ಸಂಸಾರ ಸಾಗುವುದಿಲ್ಲ ಎಂಬುದು ಆ ಹೆಸರಿಗೆ ಅವರು ಕೊಡುತ್ತಿದ್ದ ಕಾರಣ. ಕೆಂಪು ಬಣ್ಣ ಹಲವು ಸಲ ಬಳಿಸಿಕೊಂಡು ದಪ್ಪಗಾದ ಪೆಟ್ರೋಲ್ ಲಾರಿ ಅದು. ಬೆನ್ನ ಮೇಲೆ ನೀರಿನ ಟ್ಯಾಂಕು, ಹಿಂದೆ ಪಂಪು, ಮುಂದೆ ಲಾರಿಯನ್ನೂ ಪಂಪನ್ನೂ ಓಡಿಸುವ, ಯಾರ ಮಾತನ್ನೂ ಕೇಳದ ಎಂಜಿನ್ನು.

ಅದನ್ನು ನೋಡಿಕೊಳ್ಳುತ್ತಿದ್ದವನು ಠಾಣೆಯ ಮೆಕ್ಯಾನಿಕ್. ಎಲ್ಲರ ಬಾಯಲ್ಲಿ ಮೇಸ್ತ್ರಿ. ಓಡಿಸುತ್ತಿದ್ದವನು ಅವನ ಹೆಂಡತಿಯ ತಮ್ಮ. "ಭಾವ ರಿಪೇರಿ ಮಾಡೋದು, ನಾನು ಕೆಡಿಸೋದು. ಇಬ್ಬರಿಗೂ ಕೆಲ್ಸ ಹೋಗಬಾರದಲ್ಲ" ಎಂದು ಬಾಮೈದ ಎಲ್ಲರೆದುರು ಹೇಳುತ್ತಿದ್ದ. ಮೇಸ್ತ್ರಿ ನಗುತ್ತಿರಲಿಲ್ಲ. ಆದರೆ ಆ ಮಾತು ಕೇಳಿದಾಗಲೆಲ್ಲ ಮೀಸೆಯ ಒಂದು ತುದಿ ಅಲುಗುತ್ತಿತ್ತು.

ಠಾಣೆಯಲ್ಲಿ ಹೊಸ ಗಾಡಿಯೂ ಒಂದಿತ್ತು. ದೂರದ ಊರಿನ ಗೋದಾಮೊಂದರಲ್ಲಿ ಬೆಂಕಿ ಆರದೆ ಹೊಗೆಯಾಡುತ್ತಿದೆ ಎಂದು ಅದನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಇಂದು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ದಿನ ಹೋಗುತ್ತಿತ್ತು. ಅತ್ತೆ ಮುನಿಸಿಕೊಂಡಿದ್ದು ಸರಿಯಾಗಿ ಆಗಲೇ.

ರಸ್ತೆಯಲ್ಲಿ ಓಡುವಾಗ ಗಾಡಿಗೆ ಏನೂ ಆಗುತ್ತಿರಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು ನಿಲ್ಲಿಸಿದರೆ ಸಾಕು, ಎಂಜಿನ್ನು ಏರಿಳಿದು, ಬಿಕ್ಕಿ, ಆರಿಹೋಗುತ್ತಿತ್ತು. ಒಮ್ಮೊಮ್ಮೆ ಆರುವ ಮೊದಲು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬಾಯಿಂದ ಫಟ್ ಎಂದು ಸೀನುತ್ತಿತ್ತು. ಬ್ರೇಕ್ ಪೆಡಲ್ಲೂ ಕಲ್ಲಿನ ಹಾಗಾಗಿತ್ತು.

"ಓಡೋವಾಗ ಓಡುತ್ತೆ, ನಿಂತ್ರೆ ಸಾಯುತ್ತೆ. ಇದೆಂಥ ರೋಗ ಭಾವ?" ಎಂದ ಬಾಮೈದ.

ಮೇಸ್ತ್ರಿ ಬಾನೆಟ್ ಎತ್ತಿದ. ಗಾಳಿಯ ದಾರಿ ಕಿರಿದು ಮಾಡುವ ಚೋಕನ್ನು ಅರ್ಧ ಎಳೆಯಲು ಹೇಳಿದ. ಎಳೆದಾಗ ಬಿಕ್ಕುತ್ತಿದ್ದ ಎಂಜಿನ್ನು ಆರದೆ ಸಮನಾಗಿ ಗುರುಗುಟ್ಟಿತು. ಬಿಟ್ಟಾಗ ಮತ್ತೆ ಬಿಕ್ಕಿತು. ಆಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಸರಿಯಾಗಿ ಉರಿದ ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿರಬೇಕು. ಇವು ಸುಣ್ಣದ ಹಾಗೆ ಬೆಳ್ಳಗಿದ್ದವು.

"ಪೆಟ್ರೋಲು ಸಾಲ್ತಿಲ್ಲ, ಗಾಳಿ ಜಾಸ್ತಿಯಾಗಿದೆ. ಎಲ್ಲಿಂದಲೋ ಕಳ್ಳಗಾಳಿ ಎಳ್ಕೋತಾ ಇದೆ" ಎಂದ.

ಕಾರ್ಬ್ಯುರೇಟರಿನ ಬಾಯಿಂದ ಅಳತೆಯಲ್ಲಿ ಬರಬೇಕಾದ ಗಾಳಿ ಬೇರೆ ಸಂದಿಯಿಂದ ನುಸುಳಿದರೆ ಅದಕ್ಕೆ ಅವನು ಇಟ್ಟ ಹೆಸರು ಕಳ್ಳಗಾಳಿ. ಎಂಜಿನ್ನು ನಿಧಾನದಲ್ಲಿದ್ದಾಗ ಅದು ಉಸಿರನ್ನು ಬಲವಾಗಿ ಎಳೆಯುತ್ತದೆ, ಹಾಗಾಗಿ ಕಳ್ಳನಿಗೂ ಆಗಲೇ ಸುಗ್ಗಿ. ಜೋರಾಗಿ ಓಡುವಾಗ ಒಳಗೆ ಬರುವ ಗಾಳಿಯ ರಾಶಿಯಲ್ಲಿ ಅವನ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಓಡುವಾಗ ಬದುಕಿ ನಿಂತಾಗ ಸಾಯುವ ರೋಗ ಅದು.

ಮೇಸ್ತ್ರಿ ಎಂಜಿನ್ನಿಗೆ ಸುತ್ತಿಕೊಂಡ ರಬ್ಬರು ಕೊಳವೆಗಳನ್ನೆಲ್ಲ ಒಂದೊಂದಾಗಿ ಇಕ್ಕಳದಿಂದ ಹಿಸುಕುತ್ತ ಹೋದ. ಹಿಸುಕಿದಾಗ ಎಂಜಿನ್ನು ಸುಧಾರಿಸಿದರೆ ಕಳ್ಳ ಆ ಕೊಳವೆಯ ದಾರಿಯಲ್ಲಿದ್ದಾನೆ ಎಂದರ್ಥ. ಎಂಜಿನ್ನಿನ ಎಳೆತವನ್ನು ಬ್ರೇಕಿಗೆ ಒಯ್ಯುವ ದಪ್ಪ ಕೊಳವೆ ಹಿಸುಕಿದಾಗ ಎಂಜಿನ್ನಿನ ಸ್ವರವೇ ಬದಲಾಯಿತು. ಬಿಚ್ಚಿ ನೋಡಿದರೆ ಅದನ್ನು ಬಿಗಿದ ಲೋಹದ ಪಟ್ಟಿಯ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ, ರಬ್ಬರು ಉದ್ದಕ್ಕೆ ಸೀಳಿತ್ತು.

"ಸಿಕ್ಕಿಬಿದ್ದ" ಎಂದ ಬಾಮೈದ. ಕೊಳವೆಯ ಕೆಟ್ಟ ತುದಿ ಕತ್ತರಿಸಿ ಮತ್ತೆ ಕೂರಿಸಿದಾಗ ಬ್ರೇಕು ಮೆತ್ತಗಾಯಿತು, ಎಂಜಿನ್ನು ಶೆಡ್ಡಿನಲ್ಲಿ ತಣ್ಣಗೆ ಗುರುಗುಟ್ಟುತ್ತ ನಿಂತಿತು. ಠಾಣೆಯವರು ಬಂದು ಕೇಳಿ ಹೋದರು. ಒಬ್ಬ ಅತ್ತೆಗೆ ಕೈಮುಗಿದ.

ಮೇಸ್ತ್ರಿಗೆ ಮಾತ್ರ ಸಮಾಧಾನವಾಗಲಿಲ್ಲ. ಪ್ಲಗ್ಗುಗಳನ್ನು ಒರೆಸಿ ಹಾಕಿ, ಗಾಡಿಯನ್ನು ಊರ ಹೊರಗಿನ ಏರಿನವರೆಗೆ ಓಡಿಸಿ ತರಿಸಿದ. ಬಂದ ಕೂಡಲೇ ಬಿಸಿಬಿಸಿ ಇರುವಾಗಲೇ ಪ್ಲಗ್ ಬಿಚ್ಚಿದ. ಮತ್ತೆ ಬೆಳ್ಳಗೆ.

"ಇನ್ನೊಬ್ಬ ಇದಾನೆ. ಎಂಜಿನ್ ಕಾದ ಮೇಲೆ ಬರ್ತಾನೆ, ತಣ್ಣಗಿದ್ದಾಗ ಅಡಗಿರ್ತಾನೆ" ಎಂದ.

ಪ್ಲಗ್ ಮತ್ತೆ ಹಾಕಿ ಎಂಜಿನ್ನು ಹೊತ್ತಿಸಿ, ಕಾರ್ಬ್ಯುರೇಟರ್ ಕೂತ ಬುಡದ ಸುತ್ತ, ಎಂಜಿನ್ನಿಗೆ ಗಾಳಿ ಹಂಚುವ ಕಬ್ಬಿಣದ ಕವಲಿನ ಸುತ್ತ, ಸೋಪಿನ ನೀರು ಚಿಮುಕಿಸಿ ನೋಡಿದ. ರಬ್ಬರು ಕೊಳವೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಸಂದಿಸಂದಿಗೂ ಹಿಡಿದು ಕೇಳಿದ. ಅಷ್ಟು ಹೊತ್ತಿಗೆ ಎಂಜಿನ್ನು ಅರ್ಧ ತಣ್ಣಗಾಗಿತ್ತು, ಯಾವ ಸದ್ದೂ ಇರಲಿಲ್ಲ. ಮತ್ತೆ ಕಾಯಿಸಿ ನೋಡಬೇಕು, ಕಾರ್ಬ್ಯುರೇಟರ್ ಇಳಿಸಬೇಕು, ಒಂದು ದಿನ ಬೇಕು. ಹಾಗೆಂದು ಠಾಣೆಯ ಸಾಹೇಬರ ಬಳಿ ಹೋಗಿ ಹೇಳಿದ.

ಸಾಹೇಬರು ಕೆಟ್ಟವರಲ್ಲ. ಎದ್ದು ನಿಂತು ಮಾತಾಡಿದರು. "ಮೇಸ್ತ್ರಿ, ಗಾಡಿ ಬಿಚ್ಚಿಟ್ಟಾಗ ಬೆಲ್ ಹೊಡೆದ್ರೆ ಬಕೆಟ್ ಹಿಡ್ಕೊಂಡು ಹೋಗೋದಾ? ಹೊಸ ಗಾಡಿ ಬರಲಿ, ಆ ಗಳಿಗೇಲೇ ಬಿಚ್ಚಿ."

"ಹೀಗೇ ಹೋದ್ರೆ ಅಲ್ಲಿ ನಿಂತುಬಿಡುತ್ತೆ ಸಾರ್. ಪಂಪ್ ಗೇರ್ ಹಾಕೋಕೆ ಎಂಜಿನ್ ನಿಧಾನ ಮಾಡ್ಲೇಬೇಕು. ನಿಧಾನ ಮಾಡಿದ್ರೆ ಆರುತ್ತೆ."

"ಆರದೇನೂ ಇರಬಹುದಲ್ಲ?"

"ಇರಬಹುದು."

"ಬಿಚ್ಚಿಟ್ಟಿದ್ರೆ ಗಾಡಿ ಇಲ್ಲ ಅನ್ನೋದು ಗ್ಯಾರಂಟಿ" ಎಂದರು ಸಾಹೇಬರು. ಹೊಸ ಗಾಡಿಗಾಗಿ ಮತ್ತೊಮ್ಮೆ ಫೋನ್ ಮಾಡಿದರು. ಮೇಸ್ತ್ರಿಯ ಎದುರಿಗೇ ಅತ್ತಲಿನವರ ಮಾತು ಕೇಳುತ್ತ ಹೂಂ, ಹೂಂ ಎಂದು, ಕೊನೆಗೆ ರಿಸೀವರ್ ಇಟ್ಟು ಕೈಚೆಲ್ಲಿದರು. ಇಬ್ಬರಲ್ಲಿ ಯಾರ ಮಾತೂ ತಪ್ಪಾಗಿರಲಿಲ್ಲ. ಮೇಸ್ತ್ರಿ ಶೆಡ್ಡಿಗೆ ವಾಪಸು ಬಂದು ಬಾನೆಟ್ ಮುಚ್ಚಿದ.

ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ಬೆಲ್ ಹೊಡೆಯಿತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಸಿಗೆ ಹೊಲಿಯುವ ಅಂಗಡಿಗೆ ಬೆಂಕಿ. ಕೆಳಗೆ ಅಂಗಡಿ, ಮೇಲೆ ಮನೆ.

ಮೇಸ್ತ್ರಿ ಬೆಂಕಿಯ ಕರೆಗೆ ಹೋಗುವವನಲ್ಲ, ಅವನ ಕೆಲಸ ಶೆಡ್ಡಿನೊಳಗೆ. ಅಂದು ಮಾತ್ರ ಹಳೇ ಬನಿಯನ್ನುಗಳ ಚಿಂದಿಯ ಗಂಟನ್ನೂ ಸ್ಪ್ಯಾನರಿನ ಚೀಲವನ್ನೂ ಎತ್ತಿಕೊಂಡು ಮುಂದಿನ ಸೀಟಿಗೆ ಹತ್ತಿದ. ಬಾಮೈದ ಅವನನ್ನೊಮ್ಮೆ ನೋಡಿದ, ತಮಾಷೆ ಮಾಡಲಿಲ್ಲ.

ಗಾಡಿ ಚೆನ್ನಾಗಿಯೇ ಓಡಿತು. ಅಡ್ಡ ಬಂದವರು ಸರಿದರು. ತಿರುವುಗಳಲ್ಲಿ ಬಾಮೈದ ಕ್ಲಚ್ಚು ಒತ್ತಿದಾಗಲೂ ಇನ್ನೊಂದು ಕಾಲನ್ನು ಆಕ್ಸಿಲರೇಟರಿನ ಮೇಲಿಂದ ತೆಗೆಯಲಿಲ್ಲ. ಓಣಿಯ ಬಾಯಿಗೆ ಬರುವಾಗಲೇ ಹತ್ತಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯ ಬಾಗಿಲಿಂದ ಹೊಗೆ ಹಳದಿಯಾಗಿ ಸುರುಳಿ ಸುತ್ತುತ್ತ ಹೊರಬರುತ್ತಿತ್ತು. ಬೀದಿಯ ನಡುವೆ ಒಬ್ಬ ಹೆಂಗಸು, ಹೆಗಲ ಮೇಲೆ ಅಳತೆಯ ಟೇಪು ಹಾಗೆಯೇ ನೇತಾಡುತ್ತಿರಲು, ಇಬ್ಬರು ನೆರೆಯವರ ಹಿಡಿತದಲ್ಲಿ ನಿಂತಿದ್ದಳು.

"ಮೇಲೆ ನಮ್ಮನೆಯವ್ರು ಇದಾರೆ. ಅವರಿಗೆ ನಡಿಯಕ್ಕಾಗಲ್ಲ. ಮಂಚದ ಮೇಲಿದಾರೆ" ಎಂದು ಗಾಡಿಯಿಂದ ಇಳಿದವರಿಗೆಲ್ಲ ಹೇಳಿದಳು. ಕೂಗಲಿಲ್ಲ. ವಿಳಾಸ ಹೇಳುವವಳ ಹಾಗೆ, ಮತ್ತೆ ಮತ್ತೆ, ಅದೇ ಮಾತು.

ಠಾಣೆಯ ಹುಡುಗರು ಹೋಸು ಎಳೆದುಕೊಂಡು ಓಡಿದರು. ಬಾಮೈದ ಪಂಪಿನ ಗೇರಿಗೆ ಕೈ ಹಾಕಿದ. ಎಂಜಿನ್ನು ಜೋರಾಗಿದ್ದರೆ ಹಲ್ಲಿಗೆ ಹಲ್ಲು ತಾಗಿ ಕಿರುಚುತ್ತದೆ, ಗೇರು ಕೂರುವುದಿಲ್ಲ. ಅವನು ಕಾಲು ತೆಗೆದ. ಎಂಜಿನ್ನು ಇಳಿಯಿತು, ಏರಿತು, ಬಿಕ್ಕಿತು, ಆರಿತು.

ಆ ಮೌನ ಮೇಸ್ತ್ರಿಗೆ ಬಹಳ ಕಾಲ ಕಿವಿಯಲ್ಲಿ ಉಳಿಯಿತು. ಬೆಂಕಿ ಸದ್ದು ಮಾಡುತ್ತಿತ್ತು, ಜನ ಸದ್ದು ಮಾಡುತ್ತಿದ್ದರು, ಆದರೆ ಅವನಿಗೆ ಎಂಜಿನ್ನು ಆರಿದ ಜಾಗ ಮಾತ್ರ ಕೇಳುತ್ತಿತ್ತು.

ಬಾಮೈದ ಚೋಕ್ ಎಳೆದು ಸ್ಟಾರ್ಟ್ ಮಾಡಿದ. ಹೊತ್ತಿತು. ಗೇರು ಹಾಕಲು ಹೋದ, ಆರಿತು. ಮತ್ತೆ. ಈ ಸಲ ಫಟ್ ಎಂದು ಸೀನಿ ಆರಿತು. ಹೋಸು ಹಿಡಿದು ಬಾಗಿಲಲ್ಲಿ ನಿಂತ ಇಬ್ಬರು ತಿರುಗಿ ತಿರುಗಿ ನೋಡುತ್ತಿದ್ದರು. ಅವರ ಕೈಯಲ್ಲಿ ಹೋಸು ಚಪ್ಪಟೆಯಾಗಿ ಮಲಗಿತ್ತು. ಒಬ್ಬ ಒದ್ದೆ ಕಂಬಳಿ ಹೊದ್ದು ಮೆಟ್ಟಿಲಿನವರೆಗೆ ನುಗ್ಗಿದ. ಮೆಟ್ಟಿಲ ಕೆಳಗೇ ಫೋಮಿನ ಹಾಳೆಗಳ ರಾಶಿ ಉರಿಯುತ್ತಿತ್ತು. ಕೆಮ್ಮುತ್ತ ಹೊರಗೆ ಬಂದ. ಸುತ್ತಲಿನವರು ಕೊಡ, ಬಕೆಟ್ಟುಗಳಲ್ಲಿ ನೀರು ತಂದು ಎರಚುತ್ತಿದ್ದರು. ಅದು ಬಾಗಿಲಲ್ಲೇ ಆವಿಯಾಗಿ ಹೋಗುತ್ತಿತ್ತು.

"ನೀರು ಬಿಡ್ರೋ, ಏನ್ ಆಟ ಆಡ್ತಿದೀರಾ?" ಎಂದು ಯಾರೋ ಗಾಡಿಯ ಬಾಗಿಲು ಗುದ್ದಿದರು.

ಮೇಸ್ತ್ರಿ ಬಾನೆಟ್ ಎತ್ತಿ ಒಳಗೆ ತಲೆಯಿಟ್ಟಿದ್ದ. ಯೋಚಿಸಲು ಸಮಯವಿರಲಿಲ್ಲ. ಕಾದ ಎಂಜಿನ್ನು, ಈಗ ಕಳ್ಳ ಮನೆಯಲ್ಲೇ ಇರಬೇಕು. ಚಿಂದಿಯನ್ನು ನೀರಲ್ಲಿ ಅದ್ದಿ ಸಂದಿಗಳ ಮೇಲೆ ಒತ್ತುತ್ತ ಹೋದ. "ಹೊಡಿ" ಎಂದ, ಬಾಮೈದ ಸ್ಟಾರ್ಟ್ ಮಾಡಿದ. ಕವಲಿನ ಬಲ ತುದಿ, ಆರಿತು. "ಹೊಡಿ." ಎಡ ತುದಿ, ಆರಿತು. "ಹೊಡಿ." ಕಾರ್ಬ್ಯುರೇಟರಿನ ಬುಡದ ಹಿಂಭಾಗಕ್ಕೆ, ತಣ್ಣಗಿದ್ದಾಗ ಸೋಪಿನ ನೀರು ಏನೂ ಹೇಳದ ಆ ಜಾಗಕ್ಕೆ, ಚಿಂದಿ ಒತ್ತಿದ. ಒದ್ದೆ ಬಟ್ಟೆಯನ್ನು ಯಾರೋ ಒಳಗಿನಿಂದ ಎಳೆದುಕೊಂಡ ಹಾಗಾಯಿತು. ಎಂಜಿನ್ನು ನಿಂತಿತು. ಆರಲಿಲ್ಲ, ಸಮನಾಗಿ ನಿಂತಿತು.

"ಹಾಕು ಗೇರು" ಎಂದ.

ಗೇರು ಕೂತಿತು. ಪಂಪು ಹೂಂಕರಿಸಿತು. ಹೋಸು ಉಬ್ಬಿ ನೆಲದಿಂದ ಎದ್ದ ಸದ್ದು, ಮೊದಲ ನೀರು ಗೋಡೆಗೆ ಬಡಿದ ಸದ್ದು ಕೇಳಿತು. ಮೇಸ್ತ್ರಿ ನೋಡಲಿಲ್ಲ. ಹೋಸಿನ ಬಾಯಿ ಮುಚ್ಚಿದಾಗಲೆಲ್ಲ ಪಂಪಿನ ಭಾರ ಇಳಿಯುತ್ತಿತ್ತು, ಬಾಮೈದ ಎಂಜಿನ್ನನ್ನು ನಿಧಾನಕ್ಕೆ ತರುತ್ತಿದ್ದ. ಆಗ ಕೈ ತೆಗೆದರೆ ಎಲ್ಲ ಮುಗಿಯಿತು. ಕೈಯ ಹಿಂದೆಯೇ ಹೊಗೆ ಹೋಗುವ ಕಬ್ಬಿಣದ ಕೊಳವೆ ಕಾದಿತ್ತು. ಚಿಂದಿಯಿಂದ ಆವಿ ಏಳುತ್ತಿತ್ತು. ಬಾಮೈದ ಆಗಾಗ ಮಗ್ಗಿನಿಂದ ಅದರ ಮೇಲೆ ನೀರು ಸುರಿದ. ಮುಂಗೈಯ ಚರ್ಮ ಬಿಗಿದುಕೊಂಡು ಬಂತು. ಬೆನ್ನು ಬೆಂಕಿಯ ಕಡೆ, ಮುಖ ಎಂಜಿನ್ನಿನೊಳಗೆ. ಎದುರಿಗೆ ಗಾಳಿ ಫ್ಯಾನು, ಎಣ್ಣೆಯ ಕಲೆ, ತಾನೇ ಹಿಂದಿನ ದಿನ ಬಿಗಿದ ಪಟ್ಟಿ.

"ಏನಾಗ್ತಿದೆ?" ಎಂದು ಕೇಳಿದ.

"ಒಳಗೆ ಹೋದ್ರು."

"ಮೇಲಕ್ಕಾ?"

"ಹೂಂ."

ಏನೋ ಕುಸಿದ ಸದ್ದಾಯಿತು. ಬೀದಿಯ ಜನ ಒಟ್ಟಿಗೆ ಉಸಿರೆಳೆದುಕೊಂಡರು.

"ಏನದು? ಹೇಳೋ."

"ನೀವು ಈ ಕಡೆ ನೋಡ್ಬೇಡಿ ಭಾವ. ಹಿಡ್ಕೊಂಡಿರಿ ಅಷ್ಟೇ."

ಹಿಡಿದುಕೊಂಡಿದ್ದ. ಟ್ಯಾಂಕಿನ ನೀರು ಮುಗಿದು, ಮೂಲೆಯ ನಲ್ಲಿಗೆ ಜೋಡಿಸಿ, ಅದೂ ಸಾಕಾಗಿ, ಇನ್ನು ನಿಲ್ಲಿಸಿ ಎಂದು ಯಾರೋ ಹೇಳುವವರೆಗೆ ಹಿಡಿದುಕೊಂಡಿದ್ದ. ಕೈ ತೆಗೆದ ಕೂಡಲೇ ಎಂಜಿನ್ನು ಬಿಕ್ಕಿ ಆರಿತು.

ತಿರುಗಿ ನೋಡಿದಾಗ ಅಂಗಡಿ ಇರಲಿಲ್ಲ. ಗೋಡೆಗಳಿದ್ದವು, ಒಳಗೆ ಕರಿ ನೀರು. ಪಕ್ಕದ ಮನೆಗಳಿಗೆ ಏನೂ ಆಗಿರಲಿಲ್ಲ. ಹೆಂಗಸಿನ ಗಂಡನನ್ನು ಕೆಳಗೆ ತಂದಿದ್ದರು. ಸುಟ್ಟಗಾಯ ಒಂದೂ ಇರಲಿಲ್ಲ. ಮೂಗಿನ ಸುತ್ತ ಮಸಿ, ಕಣ್ಣು ತೆರೆದಿತ್ತು, ಉಸಿರಾಡುತ್ತಿದ್ದ. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಟೇಪನ್ನು ಹೆಗಲಿನಿಂದ ತೆಗೆದು ಪಕ್ಕಕ್ಕಿಟ್ಟಳು, ಅವನ ಮುಖಕ್ಕೆ ತಾಗುತ್ತಿತ್ತು ಎಂದು.

ಆಸ್ಪತ್ರೆಯಲ್ಲಿ ಅವನು ಕೆಲವು ದಿನ ಇದ್ದ, ಆಮೇಲೆ ತೀರಿಕೊಂಡ. ಹೊಗೆ ಎದೆಯೊಳಗೆ ಇಳಿದಿತ್ತು.

ಸಾಹೇಬರು ಮೇಸ್ತ್ರಿಯನ್ನು ಕರೆದು, ಡಾಕ್ಟರನ್ನು ತಾವೇ ಕೇಳಿದ್ದಾಗಿ ಹೇಳಿದರು. "ನಾವು ತಲುಪೋ ಮೊದಲೇ ಬೇಕಾದಷ್ಟು ಹೊಗೆ ಕುಡಿದಿದ್ರಂತೆ." ಮೇಸ್ತ್ರಿ ಕೇಳಿದ, "ಗಾಡಿ ನಿಂತ ಹೊತ್ತಿನಲ್ಲಿ ಕುಡಿದಿದ್ದು ಎಷ್ಟು ಅಂತ ಹೇಳಿದ್ರಾ?" ಸಾಹೇಬರು ಕಿಟಕಿಯ ಕಡೆ ನೋಡಿದರು. "ಅದನ್ನ ಯಾರು ಹೇಳಕ್ಕಾಗುತ್ತೆ ಮೇಸ್ತ್ರಿ."

ಯಾರೂ ಅವನನ್ನು ಬೈಯಲಿಲ್ಲ. ಮನೆಯಲ್ಲಿ ಹೆಂಡತಿ ಕೈಗೆ ಮುಲಾಮು ಹಚ್ಚುತ್ತ, "ನೀವು ಮೊದಲೇ ಹೇಳಿದ್ರಲ್ಲ, ಬಿಚ್ಚಬೇಕು ಅಂತ" ಎಂದಳು. ಬಾಮೈದ ಅಕ್ಕನ ಮನೆಗೆ ಬಂದರೆ ಮೊದಲಿನ ಹಾಗೆ ಬಾಗಿಲಿನಿಂದಲೇ ಮಾತು ಶುರು ಮಾಡುತ್ತಿರಲಿಲ್ಲ. ಒಂದು ದಿನ ಊಟದ ನಡುವೆ, "ನಾನು ಇನ್ನೂ ಸ್ವಲ್ಪ ಚೋಕ್ ಎಳೆದಿದ್ರೆ ಗೇರು ಕೂರ್ತಿತ್ತೇನೋ" ಎಂದ. "ಕೂರ್ತಿರಲಿಲ್ಲ" ಎಂದ ಮೇಸ್ತ್ರಿ. ಅದು ಅವನಿಗೆ ಗೊತ್ತಿರಲಿಲ್ಲ. ಆದರೂ ಹೇಳಿದ.

ಹೊಸ ಗಾಡಿ ವಾಪಸು ಬಂತು. ಮೇಸ್ತ್ರಿ ಅತ್ತೆಯ ಕಾರ್ಬ್ಯುರೇಟರ್ ಇಳಿಸಿ ಅದರ ಬುಡವನ್ನು ಗಾಜಿನ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿದ. ಹಿಂದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ಆಚೆ ಬಂತು. ವರ್ಷಗಟ್ಟಲೆ ಕಾದು ಕಾದು ಲೋಹ ಬಾಗಿತ್ತು. ತಣ್ಣಗಿದ್ದಾಗ ನಡುವಿನ ಗ್ಯಾಸ್ಕೆಟ್ಟು ಹಾಳೆ ಆ ಸಂದನ್ನು ಹೇಗೋ ಮುಚ್ಚಿಕೊಳ್ಳುತ್ತಿತ್ತು, ಕಾದಾಗ ಬಿಟ್ಟುಕೊಡುತ್ತಿತ್ತು. ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಅದನ್ನು ಸಮ ಮಾಡಿದ. ಹೊಸ ಗ್ಯಾಸ್ಕೆಟ್ಟು ಕತ್ತರಿಸಿ ಕೂರಿಸಿದ. ಗಾಡಿಯನ್ನು ಏರಿನವರೆಗೆ ಓಡಿಸಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಕಾದು ಬೆವರುತ್ತಿದ್ದ ಎಂಜಿನ್ನು ಆರದೆ ಒಂದೇ ಶ್ರುತಿಯಲ್ಲಿ ಗುರುಗುಟ್ಟಿತು. ಅರ್ಧ ದಿನದ ಕೆಲಸ.

ಕೆಲವು ವಾರಗಳ ಮೇಲೆ ಹಾಸಿಗೆ ಅಂಗಡಿಯ ಹೆಂಗಸು ಠಾಣೆಗೆ ಬಂದಳು. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಳು.

"ಗಾಡಿ ನೋಡ್ಕೊಳೋರು ನೀವೇನಾ?"

"ಹೌದಮ್ಮ." ಅವನು ಸ್ಟೂಲಿನ ಮೇಲಿನ ಸಾಮಾನು ಸರಿಸಿ ಒರೆಸಿಕೊಟ್ಟ. ಅವಳು ಕೂರಲಿಲ್ಲ.

"ಅವತ್ತು ಏನಾಗಿತ್ತು ಇದಕ್ಕೆ? ಯಾರನ್ನ ಕೇಳಿದ್ರೂ ಹಳೇ ಗಾಡಿ ಅಂತಾರೆ. ಹಳೇದು ಅಂತ ನಂಗೂ ಕಾಣುತ್ತೆ."

ಮೇಸ್ತ್ರಿ ಹೇಳಿದ. ಮೊದಲ ಕೊಳವೆ, ಬೆಳ್ಳಗಿದ್ದ ಪ್ಲಗ್ಗು, ಒಂದು ದಿನ ಕೇಳಿದ್ದು, ಸಿಗದೇ ಹೋದದ್ದು, ಬುಡದ ಸಂದು. ಯಾರನ್ನೂ ದೂರಲಿಲ್ಲ, ಯಾವುದನ್ನೂ ಬಿಡಲಿಲ್ಲ. ಕಾರ್ಬ್ಯುರೇಟರ್ ಕೂತ ಜಾಗವನ್ನು ಬೆರಳಿಟ್ಟು ತೋರಿಸಿದ. ಅವಳು ಬಗ್ಗಿ ನೋಡಿದಳು.

"ಇಷ್ಟೇನಾ?"

"ಇಷ್ಟೇ."

ಅವನ ಮುಂಗೈಯ ಗುಲಾಬಿ ಚರ್ಮವನ್ನೂ ನೋಡಿದಳು. "ಗಾಡಿ ಬಂದ ಕೂಡ್ಲೇ ನೀರು ಬಿಟ್ಟಿದ್ರೆ ಅವರು ಉಳೀತಿದ್ರಾ?"

ಮೇಸ್ತ್ರಿ ಸ್ಟೂಲು ಒರೆಸಿದ ಬಟ್ಟೆಯನ್ನು ಮಡಿಸಿಟ್ಟ. ಉಳಿಯುತ್ತಿರಲಿಲ್ಲ ಎಂದರೆ ಅವಳಿಗೆ ಸಮಾಧಾನವಾಗಬಹುದಿತ್ತು, ಅವನಿಗೂ. ಗೊತ್ತಿಲ್ಲದೆಯೇ ಬಾಮೈದನಿಗೆ ಕೂರ್ತಿರಲಿಲ್ಲ ಎಂದಿದ್ದ ನಾಲಿಗೆ ಇಲ್ಲಿ ಏಳಲಿಲ್ಲ.

"ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ."

ಅವಳು ತಲೆಯಾಡಿಸಿದಳು. ಹೊರಡುವಳು ಎಂದುಕೊಂಡ. ಹೊರಡಲಿಲ್ಲ. "ನಂದು ಹೊಲಿಗೆ ಮಷೀನು, ದಪ್ಪ ಬಟ್ಟೆ ಹೊಲಿಯೋದು, ಅಂಗಡೀಲೇ ಇತ್ತು. ಬೂದಿಯೊಳಗಿಂದ ಎತ್ತಿ ಇಟ್ಕೊಂಡಿದೀನಿ. ಚಕ್ರ ತಿರುಗ್ತಾ ಇಲ್ಲ. ಕಬ್ಬಿಣದ್ದಲ್ವಾ, ನೀವು ಒಂದ್ಸಲ ನೋಡ್ತೀರಾ?"

ಮರುದಿನ ಬೆಳಗ್ಗೆ ಅವನು ಹೋದ. ಅವಳು ತಂಗಿಯ ಮನೆಯ ಮುಂದಿನ ಕೋಣೆಯಲ್ಲಿದ್ದಳು. ಮಷೀನನ್ನು ಹಳೆಯ ಚಾದರದ ಮೇಲಿಟ್ಟು, ಮಸಿ ಒರೆಸಿ, ಹಿತ್ತಾಳೆಯ ಭಾಗಗಳನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ಬೆಳಗಿಸಿದ್ದಳು. ಮೇಸ್ತ್ರಿ ನೆಲದ ಮೇಲೆ ಕೂತು ಒಂದೊಂದೇ ತಿರುಪು ಬಿಚ್ಚಿದ. ಎಣ್ಣೆ ಬಿಟ್ಟ, ಕಾದ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಅವಳ ತಂಗಿ ಟೀ ತಂದಿಟ್ಟಳು, ಅದು ಕೆನೆಗಟ್ಟಿ ಆರಿತು. ಬೆಂಕಿಯಲ್ಲಿ ಕೆಂಪಗೆ ಕಾದಾಗ ಮೇಲೆ ನೀರು ಬಿದ್ದ ಎರಕದ ಕಬ್ಬಿಣ, ಒಳಗಿನ ದಂಡ ಕೂತ ಜಾಗದಲ್ಲಿ ಉದ್ದಕ್ಕೆ ಸೀಳಿತ್ತು. ಬೆಸುಗೆ ಹಾಕಿದರೂ ನಿಲ್ಲುವುದಿಲ್ಲ. ಆದರೂ ಇನ್ನೊಂದು ಮಗ್ಗುಲು ಮಗುಚಿ ನೋಡಿದ. ಮತ್ತೆ ಮೊದಲಿನ ಮಗ್ಗುಲಿಗೆ ತಿರುಗಿಸಿದ.

ಅವಳು ಗೋಡೆಗೊರಗಿ ಕೂತು ಅವನ ಕೈಯನ್ನೇ ನೋಡುತ್ತಿದ್ದಳು.

"ಆಗಲ್ಲಮ್ಮ ಇದು" ಎಂದ.

"ಆಗಲ್ವಾ?"

"ಆಗಲ್ಲ."

"ಸರಿ" ಎಂದಳು. ಚಾದರದ ಮೇಲೆ ಚೆಲ್ಲಿದ್ದ ತಿರುಪುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕತೊಡಗಿದಳು. ಒಂದು ಬಾಗಿಲ ಸಂದಿಗೆ ಉರುಳಿ ಹೋಗಿತ್ತು. ಮೇಸ್ತ್ರಿ ಎದ್ದು ಅದನ್ನು ಹುಡುಕಿ ತಂದುಕೊಟ್ಟ.